ಕತ್ತಿನಲ್ಲೊಂದು ಕಿಂಡಿ: ಕೋವಿಡ್ ಕಾಲದ ಟ್ರೇಕಿಯಾಸ್ಟಮಿ

ಎಳನೀರು ಕುಡಿಯುವ ಕೊಳವೆಯೊಂದನ್ನು ತೆಗೆದುಕೊಳ್ಳಿ. ಮೂಗನ್ನು ಬೆರಳುಗಳಿಂದ ಮುಚ್ಚಿಕೊಂಡು ಆ ಕೊಳವೆಯ ಮೂಲಕ ಮಾತ್ರ ಅರ್ಧ ನಿಮಿಷ ಉಸಿರಾಡಿ ನೋಡಿ. ಮೊದಲ ಎರಡು ಮೂರು ಉಸಿರು ಸಲೀಸೆನಿಸುತ್ತದೆ. ಆಮೇಲೆ ಎದೆಯ ಸ್ನಾಯುಗಳು ದುಡಿಯುತ್ತಿರುವುದು ನಿಮ್ಮ ಅರಿವಿಗೆ ಬರುತ್ತದೆ. ಈಗ ಅದೇ ಕೊಳವೆಯನ್ನು ಮೂರನೇ ಒಂದು ಭಾಗಕ್ಕೆ ಕತ್ತರಿಸಿ ಮತ್ತೆ ಪ್ರಯತ್ನಿಸಿ. ಶ್ರಮ ಕಡಿಮೆಯಾಗಿರುತ್ತದೆ. (ಆಸ್ತಮಾ, ಹೃದ್ರೋಗ ಇರುವವರು ಈ ಪ್ರಯೋಗ ಮಾಡುವುದು ಬೇಡ.)

2020 ಮತ್ತು 2021ರಲ್ಲಿ ಜಗತ್ತಿನ ಆಸ್ಪತ್ರೆಗಳಲ್ಲಿ ಅಸಂಖ್ಯಾತ ಕೋವಿಡ್ ರೋಗಿಗಳು ಇಂಥದೇ ಒಂದು ಕೊಳವೆಯ ಮೂಲಕ, ವೆಂಟಿಲೇಟರ್ ಯಂತ್ರದ ನೆರವಿನಿಂದ ವಾರಗಟ್ಟಲೆ ಉಸಿರಾಡಿದರು. ಬಾಯಿಯಿಂದ ಇಳಿಬಿಟ್ಟ ಈ ಕೊಳವೆಯನ್ನು ಹಾಗೆಯೇ ಇಡಬೇಕೇ ಅಥವಾ ಕತ್ತಿನಲ್ಲಿ ಒಂದು ಕಿಂಡಿ ತೆರೆದು ಅಲ್ಲಿಂದ ಚಿಕ್ಕ ಕೊಳವೆಯನ್ನು ಜೋಡಿಸಬೇಕೇ? ಜೋಡಿಸುವುದಾದರೆ ಯಾವಾಗ? ವೈದ್ಯರು ದಿನವೂ ಎದುರಿಸಿದ ಪ್ರಶ್ನೆ ಇದು. ಭೌತಶಾಸ್ತ್ರದ ಮೇಷ್ಟರಿಗೆ ಗಂಟಲಿನ ಶಸ್ತ್ರಕ್ರಿಯೆಯ ಉಸಾಬರಿ ಏಕೆಂದು ನೀವು ಕೇಳಬಹುದು. ಈ ಪ್ರಶ್ನೆಯ ಅರ್ಧ ಭಾಗ ಕೊಳವೆಯಲ್ಲಿ ಹರಿಯುವ ಗಾಳಿಗೆ ಸಂಬಂಧಿಸಿದ್ದು. ಉಳಿದರ್ಧ ಅಂಕಿಅಂಶಗಳನ್ನು ಓದುವ ಬಗೆಗೆ ಸಂಬಂಧಿಸಿದ್ದು. ಎರಡೂ ವಿಜ್ಞಾನದ ತರಗತಿಗೆ ಸೇರಿದವೇ.

ಎರಡು ಕೊಳವೆಗಳು

ನಮ್ಮ ಶ್ವಾಸನಾಳ ಸುಮಾರು 10ರಿಂದ 12 ಸೆಂ.ಮೀ. ಉದ್ದದ ಒಂದು ಕೊಳವೆ. ಕುದುರೆ ಲಾಳದ ಆಕಾರದ ಮೃದ್ವಸ್ಥಿ ಉಂಗುರಗಳು ಅದು ಮುಚ್ಚಿಕೊಳ್ಳದಂತೆ ತಡೆಯುತ್ತವೆ. ಅದರ ಮೇಲ್ತುದಿಯಲ್ಲಿ ಧ್ವನಿಪೆಟ್ಟಿಗೆ ಇದೆ. ರೋಗಿಗೆ ತಾನಾಗಿ ಉಸಿರಾಡಲು ಸಾಧ್ಯವಾಗದಿದ್ದಾಗ ವೈದ್ಯರು ಮೊದಲು ಮಾಡುವುದು ಬಾಯಿಯ ಮೂಲಕ, ಧ್ವನಿತಂತುಗಳ ನಡುವೆ ಹಾಯಿಸಿ, ಶ್ವಾಸನಾಳದೊಳಕ್ಕೆ ಸುಮಾರು 30 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಕೊಳವೆಯನ್ನು ಇಳಿಸುವುದು. ಅದರ ಕೆಳತುದಿಯಲ್ಲಿ ಗಾಳಿ ತುಂಬಿದ ಪುಟ್ಟ ಬಲೂನು ಇರುತ್ತದೆ. ಅದು ಕೊಳವೆ ಮತ್ತು ಶ್ವಾಸನಾಳದ ನಡುವಿನ ಸಂದನ್ನು ಮುಚ್ಚುತ್ತದೆ.

ಈ ವಿಧಾನ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ, ಗಾಯವಿಲ್ಲ. ಆದರೆ ಎಚ್ಚರವಿರುವ ಮನುಷ್ಯ ಗಂಟಲಿನಲ್ಲಿ ಇಂಥ ಕೊಳವೆಯನ್ನು ಸಹಿಸಲಾರ. ಕೆಮ್ಮು, ವಾಕರಿಕೆ ಬರುತ್ತದೆ. ಆದ್ದರಿಂದ ರೋಗಿಯನ್ನು ಔಷಧ ಕೊಟ್ಟು ಮಂಪರಿನಲ್ಲಿ ಇಡುತ್ತಾರೆ. ಮಂಪರು ದೀರ್ಘವಾದಷ್ಟೂ ಸ್ನಾಯುಗಳು ಸೊರಗುತ್ತವೆ, ಬುದ್ಧಿ ಗೊಂದಲಗೊಳ್ಳುತ್ತದೆ, ಯಂತ್ರದಿಂದ ಬಿಡಿಸುವುದು ಕಷ್ಟವಾಗುತ್ತದೆ.

ಟ್ರೇಕಿಯಾಸ್ಟಮಿ ಎಂದರೆ ಧ್ವನಿಪೆಟ್ಟಿಗೆಯ ಕೆಳಗೆ, ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಉಂಗುರಗಳ ನಡುವಿನ ಜಾಗದಲ್ಲಿ, ಶ್ವಾಸನಾಳಕ್ಕೆ ಕಿಂಡಿ ತೆರೆದು ಚಿಕ್ಕ, ಬಾಗಿದ ಕೊಳವೆಯನ್ನು ಕೂರಿಸುವುದು. ಚರ್ಮವನ್ನು ಕೊಯ್ದು ನಾಳವನ್ನು ಕಣ್ಣಾರೆ ಕಂಡು ತೆರೆಯುವುದು ಒಂದು ವಿಧಾನ. ಸೂಜಿಯಿಂದ ಚುಚ್ಚಿ, ತಂತಿಯೊಂದನ್ನು ಹಾಯಿಸಿ, ರಂಧ್ರವನ್ನು ಕ್ರಮೇಣ ಹಿಗ್ಗಿಸುವುದು ಇನ್ನೊಂದು. ಈ ಎರಡನೆಯ ವಿಧಾನದ ಇಂದಿನ ರೂಪವನ್ನು ಪಾಸ್ಕ್ವಾಲೆ ಚಾಲ್ಯಾ 1985ರಲ್ಲಿ ಪ್ರಕಟಿಸಿದರು. ಇದನ್ನು ರೋಗಿಯ ಮಂಚದ ಬಳಿಯೇ ಮಾಡಬಹುದು.

ಟ್ರೇಕಿಯಾಸ್ಟಮಿಗೂ ಸಾಂಕ್ರಾಮಿಕ ರೋಗಗಳಿಗೂ ಹಳೆಯ ನಂಟು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿದಾಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ರೋಗಿಗಳ ಕತ್ತಿನಲ್ಲಿ ಕಿಂಡಿ ಮಾಡಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿ ಊಡುವ ಕ್ರಮ ತಂದರು. ಸುಮಾರು 1500 ವಿದ್ಯಾರ್ಥಿಗಳು ಸರದಿಯಲ್ಲಿ ಕುಳಿತು ಹಗಲಿರುಳು ಚೀಲ ಒತ್ತಿದರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಇಂದಿನ ತೀವ್ರ ನಿಗಾ ಘಟಕದ ಕಲ್ಪನೆ ಬೆಳೆದದ್ದು ಅಲ್ಲಿಂದಲೇ.

ಕೊಳವೆಯ ಲೆಕ್ಕ

ಕೊಳವೆಯಲ್ಲಿ ದ್ರವ ಅಥವಾ ಅನಿಲ ಪದರ ಪದರವಾಗಿ ಶಾಂತವಾಗಿ ಹರಿಯುವಾಗ ಹರಿವಿಗೆ ಒದಗುವ ತಡೆ ಉದ್ದಕ್ಕೆ ನೇರ ಅನುಪಾತದಲ್ಲಿಯೂ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಇದು ನೀವು ಪಾಠ ಮಾಡುವ ಅಥವಾ ಓದುವ ಪಾಯ್ಸೂಯ್ ನಿಯಮ. ಆದರೆ ಇಲ್ಲಿ ಅದನ್ನು ನೇರವಾಗಿ ಹಚ್ಚಬಹುದೇ?

ಒಳವ್ಯಾಸ 8 ಮಿ.ಮೀ. ಇರುವ ಕೊಳವೆಯಲ್ಲಿ ನಿಮಿಷಕ್ಕೆ 30 ಲೀಟರ್ ದರದಲ್ಲಿ ಗಾಳಿ ಹರಿಯುತ್ತಿದೆ ಎನ್ನೋಣ. ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ವೇಗ ಸೆಕೆಂಡಿಗೆ ಸುಮಾರು 10 ಮೀಟರ್ ಬರುತ್ತದೆ. ಗಾಳಿಯ ಸಾಂದ್ರತೆ ಮತ್ತು ಸ್ನಿಗ್ಧತೆಯ ಬೆಲೆಗಳನ್ನು ಹಾಕಿ ರೆನಾಲ್ಡ್ಸ್ ಸಂಖ್ಯೆ ಕಂಡುಹಿಡಿದರೆ ಸುಮಾರು 5300. ಶಾಂತ ಹರಿವಿನ ಮಿತಿ ಸುಮಾರು 2000. ಅಂದರೆ ಇಲ್ಲಿನ ಹರಿವು ಪ್ರಕ್ಷುಬ್ಧವಾದದ್ದು. ಆಗ ತಡೆ ವ್ಯಾಸದ ನಾಲ್ಕನೆಯ ಘಾತಕ್ಕಿಂತಲೂ ಚುರುಕಾಗಿ, ಹೆಚ್ಚುಕಡಿಮೆ ಐದನೆಯ ಘಾತದಂತೆ ಬದಲಾಗುತ್ತದೆ. ಉದ್ದದ ಜೊತೆಗಿನ ನೇರ ಸಂಬಂಧ ಮಾತ್ರ ಹಾಗೆಯೇ ಉಳಿಯುತ್ತದೆ.

ಇದರಿಂದ ಎರಡು ಸಂಗತಿ ಸ್ಪಷ್ಟವಾಗುತ್ತದೆ. ಒಂದು, 30 ಸೆಂ.ಮೀ. ಬದಲು 10 ಸೆಂ.ಮೀ. ಕೊಳವೆ ಬಂದರೆ ಕೊಳವೆಯ ಗೋಡೆಯಿಂದಾಗುವ ತಡೆ ಮೂರನೇ ಒಂದಕ್ಕೆ ಇಳಿಯುತ್ತದೆ. ಎರಡು, ಕಫ ಅಂಟಿ ವ್ಯಾಸ 8ರಿಂದ 7 ಮಿ.ಮೀ.ಗೆ ಇಳಿದರೆ, ಅಂದರೆ ಸುತ್ತಲೂ ಬರೀ ಅರ್ಧ ಮಿಲಿಮೀಟರ್ ಪದರ ಕೂತರೆ, ತಡೆ ನಾಲ್ಕನೆಯ ಘಾತದ ಲೆಕ್ಕದಲ್ಲಿ 1.7 ಪಟ್ಟು, ಐದನೆಯ ಘಾತದ ಲೆಕ್ಕದಲ್ಲಿ 1.95 ಪಟ್ಟು ಆಗುತ್ತದೆ. ಕೋವಿಡ್ ರೋಗಿಗಳಲ್ಲಿ ಕಫ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುವುದು ದೊಡ್ಡ ಕಾಟವಾಗಿತ್ತು. ಕತ್ತಿನ ಕೊಳವೆಯಲ್ಲಿ ಹಲವು ವೇಳೆ ಒಳಗೊಂದು ತೆಗೆಯಬಹುದಾದ ಕೊಳವೆ ಇರುತ್ತದೆ. ಅದನ್ನು ಹೊರತೆಗೆದು ತೊಳೆದು ಮತ್ತೆ ಹಾಕಬಹುದು. ಬಾಯಿಯ ಕೊಳವೆಗೆ ಈ ಸೌಕರ್ಯವಿಲ್ಲ.

ಆದರೂ ಟ್ರೇಕಿಯಾಸ್ಟಮಿಯ ಮುಖ್ಯ ಲಾಭ ತಡೆ ಇಳಿಯುವುದಲ್ಲ, ಮಂಪರು ಇಳಿಯುವುದು. ಗಂಟಲು ಖಾಲಿಯಾದ್ದರಿಂದ ರೋಗಿ ಎಚ್ಚರವಾಗಿರಬಲ್ಲ, ತಲೆಯಾಡಿಸಿ ಉತ್ತರಿಸಬಲ್ಲ, ಕೈಕಾಲು ಆಡಿಸಬಲ್ಲ. ಚೇತರಿಸಿಕೊಂಡಂತೆ ಬಲೂನಿನ ಗಾಳಿ ಇಳಿಸಿ, ಕೊಳವೆಗೆ ಒಂದೇ ದಿಕ್ಕಿನಲ್ಲಿ ತೆರೆಯುವ ಕವಾಟ ಜೋಡಿಸಿದರೆ, ಒಳಗೆಳೆದ ಗಾಳಿ ಹೊರಹೋಗುವಾಗ ಧ್ವನಿತಂತುಗಳ ಮೂಲಕವೇ ಹೋಗುತ್ತದೆ. ರೋಗಿ ಮಾತನಾಡುತ್ತಾನೆ.

2020ರ ಭಯ

ಹಾಗಿದ್ದರೆ 2020ರ ಆರಂಭದಲ್ಲಿ ವೈದ್ಯರು ಹಿಂಜರಿದದ್ದೇಕೆ? 2003ರ ಸಾರ್ಸ್ ಕಾಲದ ಅನುಭವ ಅವರ ಮುಂದಿತ್ತು. ಆ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ ಟ್ರೇಕಿಯಾಸ್ಟಮಿಯಲ್ಲಿ ಭಾಗಿಯಾದ ಸಿಬ್ಬಂದಿಗೆ ಸೋಂಕು ತಗಲುವ ಸಂಭವಾನುಪಾತ 4.2 ಎಂದಿತ್ತು. ಈ ಅಂಕಿ ಬಂದದ್ದು ಒಂದೇ ಒಂದು ಅಧ್ಯಯನದಿಂದ. ಆದರೂ ಬೇರೆ ಮಾಹಿತಿ ಇಲ್ಲದಾಗ ಅದನ್ನು ಕಡೆಗಣಿಸುವಂತಿರಲಿಲ್ಲ.

ಭಯಕ್ಕೆ ಭೌತಿಕ ಆಧಾರವೂ ಇದೆ. ಕುಸಿದ ಶ್ವಾಸಕೋಶವನ್ನು ತೆರೆದಿಡಲು ವೆಂಟಿಲೇಟರ್ ಒಳಗೆ ಹೆಚ್ಚುವರಿ ಒತ್ತಡವನ್ನು ಸದಾ ಕಾಯ್ದುಕೊಳ್ಳುತ್ತದೆ. ಅದು 10 ಸೆಂ.ಮೀ. ನೀರಿನ ಕಂಬದಷ್ಟು ಎನ್ನೋಣ. ವಾತಾವರಣದ ಒತ್ತಡದ ನೂರನೇ ಒಂದಂಶ ಮಾತ್ರ. ಆದರೆ ಆ ಒತ್ತಡವೆಲ್ಲ ವೇಗವಾಗಿ ಪರಿವರ್ತನೆಯಾದರೆ ಬರ್ನೂಲಿ ಸೂತ್ರದಂತೆ ಕಿಂಡಿಯಿಂದ ಗಾಳಿ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಹೊರಡಬಹುದು. ಗಂಟೆಗೆ 140 ಕಿ.ಮೀ.ಗಿಂತ ಹೆಚ್ಚು! ಇದು ಗರಿಷ್ಠ ಮಿತಿ, ವಾಸ್ತವದಲ್ಲಿ ಇಷ್ಟು ಬರುವುದಿಲ್ಲ. ಆದರೂ ಬಾಗಿ ನಿಂತ ಶಸ್ತ್ರವೈದ್ಯನ ಮುಖ ಕಿಂಡಿಯಿಂದ ಒಂದೆರಡು ಅಡಿ ದೂರದಲ್ಲಿರುತ್ತದೆ. ಕಫದ ಹನಿಗಳನ್ನು ಚಿಮ್ಮಿಸಲು ಇದರ ಒಂದು ಪಾಲು ಸಾಕು.

ಆದ್ದರಿಂದ ಹಲವು ದೇಶಗಳ ವೈದ್ಯ ಸಂಘಗಳು 14 ದಿನವಾದರೂ ಕಾಯಿರಿ ಎಂದವು. ವೈರಸ್ ಪರೀಕ್ಷೆ ನೆಗೆಟಿವ್ ಬರಲಿ ಎಂದೂ ಕೆಲವು ಹೇಳಿದವು. ಅದೇ ವರ್ಷ ಲ್ಯಾನ್ಸೆಟ್ ಬಳಗದ ಶ್ವಾಸಾಂಗ ಪತ್ರಿಕೆಯಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗದರ್ಶನ ಕನಿಷ್ಠ 10 ದಿನ ಕಾಯಬೇಕು, ರೋಗಿ ಚೇತರಿಕೆಯ ಲಕ್ಷಣ ತೋರಿದಾಗ ಮಾತ್ರ ಯೋಚಿಸಬೇಕು ಎಂದಿತು.

ಇಲ್ಲಿ ಪರೀಕ್ಷೆಯ ಬಗೆಗೆ ಒಂದು ಮಾತು. ಪಿಸಿಆರ್ ಪರೀಕ್ಷೆ ಗುರುತಿಸುವುದು ವೈರಸ್ಸಿನ ಆರ್‌ಎನ್‌ಎ ತುಣುಕನ್ನು, ಜೀವಂತ ವೈರಸ್ಸನ್ನಲ್ಲ. ಮದುವೆ ಮುಗಿದು ವಾರವಾದರೂ ಮನೆಯ ಮುಂದೆ ಬಾಳೆಕಂಬ ಒಣಗುತ್ತ ನಿಂತಿರುತ್ತದಷ್ಟೆ. ಕಂಬ ಇದೆ ಎಂದು ಊಟಕ್ಕೆ ಹೋದರೆ ಹೇಗೆ? ರೋಗಲಕ್ಷಣ ಕಾಣಿಸಿಕೊಂಡ ಆರಂಭದ ದಿನಗಳಲ್ಲಿ ಸೋಂಕು ಹರಡುವ ಶಕ್ತಿ ಹೆಚ್ಚು. ಕ್ರಮೇಣ ಅದು ಇಳಿಯುತ್ತದೆ, ಗಂಭೀರ ರೋಗಿಗಳಲ್ಲಿ ಸ್ವಲ್ಪ ನಿಧಾನವಾಗಿ. ಕೊಳವೆ ಹಾಕಿ ಎರಡು ವಾರ ಕಳೆಯುವ ಹೊತ್ತಿಗೆ ರೋಗ ತಗಲಿ ಮೂರು ವಾರವೇ ಆಗಿರುವುದು ಸಾಮಾನ್ಯ. ಆದ್ದರಿಂದ ನೆಗೆಟಿವ್ ಫಲಿತಾಂಶಕ್ಕಾಗಿಯೇ ಕಾಯುವುದು ಅಗತ್ಯವಲ್ಲ ಎಂಬುದು ಮುಂದೆ ಸ್ಪಷ್ಟವಾಯಿತು.

ಯಂತ್ರ ನಿಲ್ಲಿಸುವ ಆ ಒಂದು ನಿಮಿಷ

ಗಾಳಿ ಚಿಮ್ಮುವುದನ್ನು ತಡೆಯುವ ಉಪಾಯ ಸರಳ: ಶ್ವಾಸನಾಳವನ್ನು ತೆರೆಯುವ ಕ್ಷಣದಲ್ಲಿ ವೆಂಟಿಲೇಟರನ್ನು ನಿಲ್ಲಿಸಿಬಿಡುವುದು. ಒತ್ತಡದ ವ್ಯತ್ಯಾಸವಿಲ್ಲದಿದ್ದರೆ ಹರಿವೂ ಇಲ್ಲ. ರೋಗಿ ಕೆಮ್ಮದಂತೆ ಸ್ನಾಯು ಸಡಿಲಿಸುವ ಔಷಧ ಕೊಡುತ್ತಾರೆ. ಬಾಯಿಯ ಕೊಳವೆಯ ಬಲೂನು ಕಿಂಡಿಗಿಂತ ಕೆಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ಹೊಸ ಕೊಳವೆ ಕೂತು ಅದರ ಬಲೂನು ಉಬ್ಬಿದ ಮೇಲಷ್ಟೇ ಯಂತ್ರ ಮತ್ತೆ ಶುರು.

ಆದರೆ ಯಂತ್ರ ನಿಂತಿರುವಷ್ಟು ಹೊತ್ತು ರೋಗಿಯ ಪಾಡೇನು? ಇದನ್ನೂ ಲೆಕ್ಕ ಹಾಕೋಣ. ಆರೋಗ್ಯವಂತನ ಶ್ವಾಸಕೋಶದಲ್ಲಿ ಉಸಿರು ಬಿಟ್ಟ ಮೇಲೂ ಸುಮಾರು 2.5 ಲೀಟರ್ ಗಾಳಿ ಉಳಿದಿರುತ್ತದೆ. ಮುಂಚೆಯೇ ಶುದ್ಧ ಆಕ್ಸಿಜನ್ ಊಡಿದ್ದರೆ ಅದರಲ್ಲಿ 2 ಲೀಟರಿಗಿಂತ ಹೆಚ್ಚು ಆಕ್ಸಿಜನ್ನೇ. ದೇಹ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಬಳಸುತ್ತದೆ. ಎಂದರೆ ಎಂಟು ನಿಮಿಷದ ದಾಸ್ತಾನು. ಈಗ ಕೋವಿಡ್ ರೋಗಿಯನ್ನು ನೆನೆಯಿರಿ. ಗಾಳಿಗೂಡುಗಳಲ್ಲಿ ಬಹುಪಾಲು ನೀರು ತುಂಬಿ ಅಥವಾ ಕುಸಿದು ಉಳಿದ ಗಾಳಿ ಒಂದು ಲೀಟರ್ ಎನ್ನೋಣ. ಜ್ವರದಿಂದ ಬಳಕೆ 300 ಮಿಲಿಲೀಟರಿಗೆ ಏರಿದೆ ಎನ್ನೋಣ. ದಾಸ್ತಾನು ಮೂರು ನಿಮಿಷಕ್ಕೆ ಇಳಿಯಿತು. ವಾಸ್ತವದಲ್ಲಿ ಇನ್ನೂ ಬೇಗ ಆಕ್ಸಿಜನ್ ಮಟ್ಟ ಕುಸಿಯುತ್ತದೆ, ಏಕೆಂದರೆ ರಕ್ತದ ಒಂದು ಪಾಲು ಕುಸಿದ ಭಾಗಗಳ ಮೂಲಕ ಆಕ್ಸಿಜನ್ ಪಡೆಯದೆಯೇ ಹಾದುಹೋಗುತ್ತದೆ.

ಕಾಯುವುದಕ್ಕೆ ನಿಜವಾದ ಕಾರಣ ಇಲ್ಲಿದೆ. ಕ್ಯಾಲೆಂಡರಿನ ದಿನ ಎಣಿಸುವುದಕ್ಕಿಂತ ಈ ರೋಗಿ ಒಂದೆರಡು ನಿಮಿಷ ಯಂತ್ರವಿಲ್ಲದೆ ತಡೆಯಬಲ್ಲನೇ ಎಂದು ಕೇಳುವುದು ಮುಖ್ಯ. ಆದ್ದರಿಂದಲೇ ಆಕ್ಸಿಜನ್ ಅಗತ್ಯ ಶೇ. 40ರಿಂದ 50ಕ್ಕೆ ಇಳಿದು, ಬೋರಲು ಮಲಗಿಸುವ ಅಗತ್ಯ ತಪ್ಪಿದ ಮೇಲೆ ಶಸ್ತ್ರಕ್ರಿಯೆ ಮಾಡುವ ಪದ್ಧತಿ ಬೆಳೆಯಿತು. ವೈದ್ಯರ ರಕ್ಷಣೆಗೆಂದು ಮಾಡಿದ ಏರ್ಪಾಡು ರೋಗಿಯ ಶಕ್ತಿಯನ್ನು ಅಳೆಯುವ ಪರೀಕ್ಷೆಯೂ ಆಯಿತು.

ಸುರಕ್ಷತೆಗೆ ಸಿಕ್ಕ ಉತ್ತರ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ತಂಡ 2020ರ ಮಾರ್ಚ್ 9ರಿಂದ ಏಪ್ರಿಲ್ 21ರವರೆಗೆ ತೀವ್ರ ನಿಗಾ ಘಟಕಕ್ಕೆ ಬಂದ 164 ಕೋವಿಡ್ ರೋಗಿಗಳ ವಿವರ ಪ್ರಕಟಿಸಿತು. ಅವರಲ್ಲಿ 100 ಮಂದಿಗೆ ಟ್ರೇಕಿಯಾಸ್ಟಮಿ ಮಾಡಲಾಗಿತ್ತು. ಶಸ್ತ್ರಕ್ರಿಯೆ ಮಾಡಿದ ಸಿಬ್ಬಂದಿಯಲ್ಲಿ ಯಾರಿಗೂ ಕೋವಿಡ್ ಬರಲಿಲ್ಲ. ಬ್ರಿಟನ್ನಿನ 126 ಆಸ್ಪತ್ರೆಗಳಿಂದ 1605 ಟ್ರೇಕಿಯಾಸ್ಟಮಿಗಳ ಮಾಹಿತಿ ಕಲೆಹಾಕಿದ ಇನ್ನೊಂದು ಸಮೀಕ್ಷೆಯಲ್ಲಿ, ಎರಡು ವಾರದೊಳಗೆ ಶಸ್ತ್ರವೈದ್ಯರಿಗೆ ಸೋಂಕು ಕಂಡುಬಂದ ವರದಿಗಳು 6 ಮಾತ್ರ. ಅವೂ ಊರಿನಲ್ಲಿ ಬೇರೆಲ್ಲೋ ತಗಲಿದವಾಗಿರಬಹುದು. ಸರಿಯಾದ ಮುಖಗವಸು, ಕಡಿಮೆ ಜನ, ಪಳಗಿದ ಕೈ, ಯಂತ್ರ ನಿಲ್ಲಿಸುವ ಶಿಸ್ತು ಇವಿಷ್ಟಿದ್ದರೆ ಅಪಾಯ ಅಲ್ಪ ಎಂಬುದು ಸಾಬೀತಾಯಿತು.

ರೋಗಿಗಳ ಗತಿ? ಸ್ಪೇನಿನ 120 ಆಸ್ಪತ್ರೆಗಳಲ್ಲಿ ಏಳು ವಾರಗಳಲ್ಲಿ 1890 ಕೋವಿಡ್ ರೋಗಿಗಳಿಗೆ ಟ್ರೇಕಿಯಾಸ್ಟಮಿ ನಡೆಯಿತು. ಒಂದು ತಿಂಗಳ ನಂತರದ ವಿವರ ದೊರೆತ 1616 ಮಂದಿಯಲ್ಲಿ 842 ಮಂದಿ ಯಂತ್ರದಿಂದ ಬಿಡುಗಡೆ ಹೊಂದಿದ್ದರು, 391 ಮಂದಿ ಇನ್ನೂ ಯಂತ್ರದಲ್ಲಿದ್ದರು, 383 ಮಂದಿ ತೀರಿಕೊಂಡಿದ್ದರು. ಯಂತ್ರದಿಂದ ಬಿಡುಗಡೆಯಾದವರಲ್ಲಿ ಶೇ. 81 ಮಂದಿಯ ಕತ್ತಿನ ಕೊಳವೆಯನ್ನೂ ತೆಗೆಯಲಾಗಿತ್ತು. ಕಿಂಡಿ ಶಾಶ್ವತವೆಂದು ಹೆದರುವ ಮನೆಯವರಿಗೆ ಈ ಕೊನೆಯ ಅಂಕಿಯನ್ನು ಹೇಳಬೇಕು. ಕೊಳವೆ ತೆಗೆದ ಮೇಲೆ ಕಿಂಡಿ ಸಾಮಾನ್ಯವಾಗಿ ತಾನಾಗಿ ಮುಚ್ಚಿಕೊಳ್ಳುತ್ತದೆ. ರಕ್ತಸ್ರಾವ, ಗಾಯದ ಸೋಂಕು, ಕೊಳವೆ ಜಾರುವುದು, ಮುಂದೆ ನಾಳ ಕಿರಿದಾಗುವುದು ಇವು ಇರುವ ಅಪಾಯಗಳೇ. ಕೋವಿಡ್ ರೋಗಿಗಳಿಗೆ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡುತ್ತಿದ್ದುದರಿಂದ ರಕ್ತಸ್ರಾವದ ಬಗೆಗೆ ಹೆಚ್ಚಿನ ಎಚ್ಚರ ಬೇಕಾಗಿತ್ತು.

85 ಮತ್ತು 42

ಈಗ ಈ ಲೇಖನದ ಮುಖ್ಯ ಮಾತಿಗೆ ಬರೋಣ. ಬರ್ಮಿಂಗ್‌ಹ್ಯಾಮ್ ವರದಿಯಲ್ಲಿ ಟ್ರೇಕಿಯಾಸ್ಟಮಿ ಆದ 100 ಮಂದಿಯಲ್ಲಿ 30 ದಿನಗಳ ನಂತರ ಬದುಕಿದ್ದವರು 85. ಆಗದ 64 ಮಂದಿಯಲ್ಲಿ ಬದುಕಿದ್ದವರು 27, ಎಂದರೆ ಶೇ. 42. ರೋಗದ ತೀವ್ರತೆಯ ಅಂಕ ಎರಡೂ ಗುಂಪಿನಲ್ಲಿ ಸರಿಸುಮಾರು ಒಂದೇ. ಹಾಗಾದರೆ ಟ್ರೇಕಿಯಾಸ್ಟಮಿ ಬದುಕುವ ಸಂಭವವನ್ನು ಎರಡು ಪಟ್ಟು ಮಾಡಿತೇ?

ನಮ್ಮಲ್ಲಿ ಎಂಬತ್ತು ದಾಟಿದವರಿಗೆ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡಿಸುವ ರೂಢಿಯಿದೆ. ಈ ಶಾಂತಿ ಮಾಡಿಸಿಕೊಂಡವರ ಮತ್ತು ಮಾಡಿಸಿಕೊಳ್ಳದವರ ಸರಾಸರಿ ಆಯಸ್ಸನ್ನು ಹೋಲಿಸಿ ನೋಡಿ. ಮೊದಲ ಗುಂಪಿನವರು ಬಹಳ ದೀರ್ಘಾಯುಗಳು! ಶಾಂತಿಯಿಂದ ಆಯಸ್ಸು ಹೆಚ್ಚಿತೇ? ಆಯಸ್ಸು ಇದ್ದವರಿಗೆ ಮಾತ್ರ ಶಾಂತಿಯ ಯೋಗ ಬಂತು, ಅಷ್ಟೆ.

ಟ್ರೇಕಿಯಾಸ್ಟಮಿಯೂ ಹಾಗೆಯೇ. ಒಂದು ಕಾಲ್ಪನಿಕ ಆಸ್ಪತ್ರೆಯಲ್ಲಿ 100 ಮಂದಿ ವೆಂಟಿಲೇಟರಿನಲ್ಲಿ ಇದ್ದಾರೆ ಎನ್ನಿ. ಮೊದಲ 10 ದಿನಗಳಲ್ಲಿ 25 ಮಂದಿ ತೀರಿಕೊಂಡರು, 15 ಮಂದಿ ಗುಣವಾಗಿ ಯಂತ್ರದಿಂದ ಹೊರಬಂದರು. ಉಳಿದ 60 ಮಂದಿಯಲ್ಲಿ 10 ಮಂದಿಯ ಸ್ಥಿತಿ ಶಸ್ತ್ರಕ್ರಿಯೆ ತಡೆಯಲಾಗದಷ್ಟು ಗಂಭೀರ. ಅವರಲ್ಲಿ ಒಬ್ಬರು ಮಾತ್ರ ಉಳಿದರು. ಮಿಕ್ಕ 50 ಮಂದಿಗೆ ಟ್ರೇಕಿಯಾಸ್ಟಮಿ ಆಯಿತು. ಅದರಿಂದ ಏನೇನೂ ಪ್ರಯೋಜನವಾಗಲಿಲ್ಲ, ಹಾನಿಯೂ ಆಗಲಿಲ್ಲ ಎಂದು ಇಟ್ಟುಕೊಳ್ಳಿ. ಅವರಲ್ಲಿ ಹೇಗೂ ಬದುಕಬೇಕಾಗಿದ್ದ 40 ಮಂದಿ ಬದುಕಿದರು. ಈಗ ಲೆಕ್ಕ ಹಾಕಿ. ಶಸ್ತ್ರಕ್ರಿಯೆ ಆದವರಲ್ಲಿ ಬದುಕಿದವರು ಶೇ. 80. ಆಗದ 50 ಮಂದಿಯಲ್ಲಿ ಬದುಕಿದವರು 15 ಮತ್ತು 1, ಒಟ್ಟು 16, ಎಂದರೆ ಶೇ. 32. ನಿಷ್ಪ್ರಯೋಜಕ ಚಿಕಿತ್ಸೆಯೂ ಸಂಜೀವಿನಿಯಂತೆ ಕಂಡಿತು!

ತೀವ್ರತೆಯ ಅಂಕ ಒಂದೇ ಇತ್ತಲ್ಲ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಅದು ಘಟಕಕ್ಕೆ ಸೇರಿದಾಗಿನ ಅಂಕ. ನಂತರದ ಹತ್ತು ದಿನಗಳಲ್ಲಿ ಯಾರು ಏರಿದರು, ಯಾರು ಇಳಿದರು ಎಂಬುದು ಅದರಲ್ಲಿ ಇಲ್ಲ. ಬರ್ಮಿಂಗ್‌ಹ್ಯಾಮ್ ತಂಡ ತಪ್ಪು ಮಾಡಿತು ಎಂದು ಇದರ ಅರ್ಥವಲ್ಲ. ಅವರದು ವೀಕ್ಷಣಾ ಅಧ್ಯಯನ. ಕಂಡದ್ದನ್ನು ಅವರು ದಾಖಲಿಸಿದರು. ಕಂಡದ್ದಕ್ಕೆ ಕಾರಣವನ್ನು ಆರೋಪಿಸುವಾಗ ಎಚ್ಚರ ವಹಿಸಬೇಕಾದವರು ಓದುಗರಾದ ನಾವು.

ಹಾಗಾದರೆ ಯಾವಾಗ?

ಅದೇ ವರದಿಯಲ್ಲಿ 14 ದಿನದೊಳಗೆ ಶಸ್ತ್ರಕ್ರಿಯೆ ಆದವರು ಸರಾಸರಿ 6 ದಿನ ಮುಂಚೆ ಯಂತ್ರದಿಂದ ಬಿಡುಗಡೆಯಾದರು ಎಂದಿದೆ. ಇಲ್ಲಿಯೂ ಅದೇ ಸಂದೇಹ ಏಳುತ್ತದೆ: ಬೇಗ ಚೇತರಿಸಿಕೊಂಡವರೇ ಬೇಗ ಶಸ್ತ್ರಕ್ರಿಯೆಗೆ ಯೋಗ್ಯರಾದರೇ? ಈ ಗಂಟು ಬಿಡಿಸುವ ದಾರಿ ಯಾದೃಚ್ಛಿಕ ಪ್ರಯೋಗ. ಯಾರಿಗೆ ಬೇಗ, ಯಾರಿಗೆ ತಡವಾಗಿ ಎಂಬುದನ್ನು ವೈದ್ಯರ ಆಯ್ಕೆಗೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸುವುದು.

ಕೋವಿಡ್‌ಗೆ ಮುಂಚೆ ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಟ್ರ್ಯಾಕ್‌ಮನ್ ಪ್ರಯೋಗದಲ್ಲಿ 909 ರೋಗಿಗಳಿದ್ದರು. ಒಂದು ಗುಂಪಿಗೆ 4 ದಿನದೊಳಗೆ, ಇನ್ನೊಂದಕ್ಕೆ 10 ದಿನ ಕಳೆದ ಮೇಲೆ, ಅದೂ ಆಗಲೂ ಅಗತ್ಯವಿದ್ದರೆ, ಟ್ರೇಕಿಯಾಸ್ಟಮಿ. 30 ದಿನದೊಳಗಿನ ಸಾವು ಕ್ರಮವಾಗಿ ಶೇ. 30.8 ಮತ್ತು 31.5. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಗಮನಿಸಬೇಕಾದ ಇನ್ನೊಂದು ಅಂಶ: ತಡವಾದ ಗುಂಪಿನಲ್ಲಿ ಶಸ್ತ್ರಕ್ರಿಯೆ ಆದದ್ದು ಶೇ. 44.9 ಮಂದಿಗೆ ಮಾತ್ರ. ಉಳಿದವರಲ್ಲಿ ಹಲವರು ಅಷ್ಟರೊಳಗೆ ಚೇತರಿಸಿಕೊಂಡಿದ್ದರು, ಕೆಲವರು ತೀರಿಕೊಂಡಿದ್ದರು. ಆತುರಪಟ್ಟಿದ್ದರೆ ಬೇಡದ ಅನೇಕರ ಕತ್ತಿನಲ್ಲಿ ಕಿಂಡಿ ಬೀಳುತ್ತಿತ್ತು. ಸ್ವೀಡನ್ನಿನಲ್ಲಿ 150 ಕೋವಿಡ್ ರೋಗಿಗಳ ಮೇಲೆಯೇ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 7 ದಿನದೊಳಗಿನ ಮತ್ತು 10 ದಿನದ ನಂತರದ ಗುಂಪುಗಳ ನಡುವೆ ಯಂತ್ರದಲ್ಲಿ ಕಳೆದ ಅವಧಿಯಲ್ಲಿ ಸಂಖ್ಯಾಶಾಸ್ತ್ರೀಯವಾಗಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಒಟ್ಟಿನಲ್ಲಿ ನಾವು ಹೇಳಬಹುದಾದದ್ದು ಇಷ್ಟು. ಎಚ್ಚರಿಕೆಯಿಂದ ಮಾಡಿದರೆ ಕೋವಿಡ್ ರೋಗಿಗಳಲ್ಲಿ ಟ್ರೇಕಿಯಾಸ್ಟಮಿ ಸಿಬ್ಬಂದಿಗೂ ರೋಗಿಗೂ ಸಾಕಷ್ಟು ಸುರಕ್ಷಿತ. ಅದು ಮಂಪರು ಇಳಿಸಿ ಚೇತರಿಕೆಯ ಹಾದಿ ಸುಗಮಗೊಳಿಸುತ್ತದೆ. ಅದೇ ಜೀವ ಉಳಿಸುತ್ತದೆ ಎನ್ನಲು ಪುರಾವೆ ಇಲ್ಲ. ಎಲ್ಲರಿಗೂ ಸಲ್ಲುವ ಒಂದು ನಿಗದಿತ ದಿನವೂ ಇಲ್ಲ. ರೋಗಿಯ ಶ್ವಾಸಕೋಶ ಆ ಒಂದೆರಡು ನಿಮಿಷಗಳ ಬಿಡುವನ್ನು ತಡೆಯುವಂತಾಗಿ, ಯಂತ್ರದ ಅಗತ್ಯ ಇನ್ನೂ ಕೆಲವು ದಿನ ಇರುವುದು ಖಚಿತವಾದಾಗ ಮಾಡುವುದು ಉಚಿತ.

ಶಿಕ್ಷಕರು ತರಗತಿಯಲ್ಲಿ ಮೇಲಿನ ಕಾಲ್ಪನಿಕ ಆಸ್ಪತ್ರೆಯ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು. 25, 15, 10 ಎಂಬ ಅಂಕಿಗಳನ್ನು ಬದಲಿಸಿ ಫಲಿತಾಂಶ ಹೇಗೆ ಬದಲಾಗುತ್ತದೆ ಎಂದು ನೋಡಲಿ. ಮುಂದೊಂದು ದಿನ ಅವರಲ್ಲಿ ಯಾರಾದರೂ ಆಸ್ಪತ್ರೆಯ ಪಡಸಾಲೆಯಲ್ಲಿ ತಂದೆಯ ಅಥವಾ ತಾಯಿಯ ಪರವಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾಗಿ ಬರಬಹುದು. ಶೇಕಡಾವಾರು ಅಂಕಿಯೊಂದು ಎದುರಾದಾಗ, 'ಇದು ಯಾರೊಳಗೆ ಎಷ್ಟು ಮಂದಿ? ಆ ಗುಂಪಿಗೆ ಸೇರಿದವರು ಯಾರು, ಸೇರದೆ ಹೋದವರು ಯಾರು?' ಎಂದು ವೈದ್ಯರನ್ನು ಸಮಾಧಾನದಿಂದ ಕೇಳುವ ಅಭ್ಯಾಸ ಆಗ ಅವರಿಗೆ ಒದಗಿಬರುತ್ತದೆ.